ಇನ್ನು ಮಾಡುವುದು ಏನೂ ಇಲ್ಲ ಎಂದ ಮೇಲೆ

"ಇನ್ನು ನಾವು ಮಾಡುವಂಥದ್ದು ಏನೂ ಉಳಿದಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಏನು ಕೇಳುತ್ತಾರೋ ಅದನ್ನು ಕೊಟ್ಟು ಚೆನ್ನಾಗಿ ನೋಡಿಕೊಳ್ಳಿ." ಕ್ಯಾನ್ಸರ್ ಹೊಕ್ಕು ಹೋದ ಯಾವ ಮನೆಯವರನ್ನು ಕೇಳಿದರೂ ಈ ಮಾತನ್ನು ಹೆಚ್ಚುಕಡಿಮೆ ಇದೇ ಪದಗಳಲ್ಲಿ ನೆನಪಿಸಿಕೊಳ್ಳುತ್ತಾರೆ. ನನ್ನ ದೊಡ್ಡಮ್ಮನ ಫೈಲು ಮುಚ್ಚುತ್ತ ನಮಗೆ ಇದನ್ನು ಹೇಳಿದ ವೈದ್ಯರು ನಿರ್ದಯಿಗಳೇನೂ ಆಗಿರಲಿಲ್ಲ. ಅವರ ಕೋಣೆಯ ಹೊರಗೆ ಬೆಂಚು ಸಾಲದೆ ಜನ ಗೋಡೆಗೊರಗಿ ನಿಂತಿದ್ದರು, ಅವರಲ್ಲಿ ಗುಣವಾಗಬಲ್ಲವರೂ ಇದ್ದರು. ಸ್ತನ ಕ್ಯಾನ್ಸರ್ ಬೆನ್ನುಮೂಳೆಗೂ ಯಕೃತ್ತಿಗೂ ಹರಡಿದ್ದ ಎಪ್ಪತ್ತು ದಾಟಿದ ಹೆಂಗಸಿಗೆ ಮತ್ತೊಂದು ಸುತ್ತು ಕೀಮೋ ಕೊಡುವುದರಲ್ಲಿ ಅರ್ಥವಿಲ್ಲ ಎಂಬ ಅವರ ತೀರ್ಮಾನವೂ ಸರಿಯಾಗಿಯೇ ಇತ್ತು. ಆದರೆ ಅವರು ಬರೆದುಕೊಟ್ಟ ಚೀಟಿಯಲ್ಲಿ ಒಂದು ನೋವಿನ ಮಾತ್ರೆ, ಒಂದು ಗ್ಯಾಸ್ಟ್ರಿಕ್ ಮಾತ್ರೆ, ಒಂದು ವಿಟಮಿನ್ ಇದ್ದವು, ಮತ್ತೆ ಯಾವಾಗ ಬರಬೇಕು ಎಂದು ಬರೆಯುವ ಜಾಗ ಖಾಲಿ ಇತ್ತು. ಅಲ್ಲಿಂದ ಮುಂದೆ ದೊಡ್ಡಮ್ಮ ಹನ್ನೊಂದು ವಾರ ಬದುಕಿದರು.

ಆ ಹನ್ನೊಂದು ವಾರಗಳಲ್ಲಿ ಎಷ್ಟೆಲ್ಲ ಮಾಡುವುದಿತ್ತು ಎಂಬುದನ್ನು ನಮಗೆ ಕಲಿಸಿದವರು ಬೆಂಗಳೂರಿನ ಒಂದು ಹಾಸ್ಪಿಸ್‌ನ, ಎಂದರೆ ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೂ ನೋಡಿಕೊಳ್ಳುವ ಸಂಸ್ಥೆಯ, ಮನೆಭೇಟಿ ತಂಡದವರು. ಅಲ್ಲಿಯವರೆಗೆ ಹಾಸ್ಪಿಸ್ ಎಂದರೆ ಸಾಯುವವರನ್ನು ಒಯ್ದು ಬಿಟ್ಟುಬರುವ ಜಾಗ ಎಂದೇ ನಾನೂ ತಿಳಿದಿದ್ದೆ. ತಿಪಟೂರು ಕಡೆಯ ತಮ್ಮ ಊರನ್ನು ಬಿಟ್ಟು ಚಿಕಿತ್ಸೆಗೆಂದು ಬೆಂಗಳೂರಿನ ಮಗನ ಮನೆಗೆ ಬಂದಿದ್ದ ದೊಡ್ಡಪ್ಪನಿಗಂತೂ ಆ ಹೆಸರು ಕೇಳಿಯೇ ಗೊತ್ತಿರಲಿಲ್ಲ. ಪರಿಚಿತರೊಬ್ಬರು ಫೋನ್ ನಂಬರ್ ಕೊಟ್ಟಾಗ, "ನಾವೇನು ಅವಳನ್ನ ಆಶ್ರಮಕ್ಕೆ ಹಾಕ್ಬೇಕಾ?" ಎಂದು ಅವರು ಎದ್ದು ಹೊರಗೆ ಹೋದರು. ಯಾರನ್ನೂ ಎಲ್ಲಿಗೂ ಕಳಿಸಬೇಕಾಗಿಲ್ಲ, ಅವರೇ ಮನೆಗೆ ಬರುತ್ತಾರೆ, ದುಡ್ಡೂ ತೆಗೆದುಕೊಳ್ಳುವುದಿಲ್ಲ ಎಂದು ತಿಳಿಯಹೇಳಲು ನಮಗೆ ಎರಡು ದಿನ ಬೇಕಾಯಿತು.

ಮೊದಲ ದಿನ ಒಬ್ಬ ನರ್ಸ್ ಮತ್ತು ಒಬ್ಬ ಕೌನ್ಸೆಲರ್ ಬಂದರು. ನರ್ಸ್ ಮಂಚದ ಪಕ್ಕ ನಿಂತು ಮಾತಾಡಲಿಲ್ಲ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡು ದೊಡ್ಡಮ್ಮನ ಮುಖದ ಮಟ್ಟಕ್ಕೆ ಕುಳಿತು, "ಅಮ್ಮಾ, ನಿಮಗೆ ಈಗ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡ್ತಿರೋದು ಯಾವುದು?" ಎಂದು ಕೇಳಿದರು. ಬೆನ್ನುನೋವು ಎಂಬ ಉತ್ತರ ಬರುತ್ತದೆಂದು ನಾವೆಲ್ಲ ಅಂದುಕೊಂಡಿದ್ದೆವು. ದೊಡ್ಡಮ್ಮ ಸೆರಗನ್ನು ಎದೆಯ ಮೇಲೆ ಇನ್ನಷ್ಟು ಎಳೆದುಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, "ವಾಸನೆ ಕಣಮ್ಮ. ಮೊಮ್ಮಗಳು ಹತ್ರ ಬರಲ್ಲ" ಎಂದರು.

ಎದೆಯ ಗೆಡ್ಡೆ ಒಡೆದು ಹುಣ್ಣಾಗಿತ್ತು. ಗಂಟು ಕೈಗೆ ಸಿಕ್ಕಿದ ಮೇಲೂ ನಾಚಿಕೆಯಿಂದ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇದ್ದ ಹೆಂಗಸು ಅವರು, ಹುಣ್ಣಿನ ವಾಸನೆಯ ಮಾತನ್ನು ತಾವಾಗಿ ಎತ್ತುವುದು ಸಾಧ್ಯವೇ ಇರಲಿಲ್ಲ. ಆಸ್ಪತ್ರೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಮನೆಯಲ್ಲಿ ನಾವು ಊದುಬತ್ತಿ ಹಚ್ಚುತ್ತಿದ್ದೆವು. ನರ್ಸ್ ಕೈಗವಸು ತೊಟ್ಟು, ಒಣಗಿ ಅಂಟಿಕೊಂಡಿದ್ದ ಬಟ್ಟೆಯನ್ನು ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ನೆನೆಸಿ, ಅದು ತಾನಾಗಿ ಬಿಡುವವರೆಗೆ ಕಾದು, ನೋಯದಂತೆ ತೆಗೆದರು. ಆಮೇಲೆ ಮೆಟ್ರೊನಿಡಜೋಲ್ ಮಾತ್ರೆಗಳನ್ನು ಎರಡು ಚಮಚಗಳ ನಡುವೆ ಅದುಮಿ ನುಣ್ಣಗೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿದರು. ಆಮಶಂಕೆ, ಭೇದಿ ಎಂದರೆ ಯಾವ ಮೆಡಿಕಲ್ ಶಾಪಿನಲ್ಲೂ ಕೊಡುವ ಅಗ್ಗದ ಮಾತ್ರೆ ಅದು. ಗಾಳಿಯಿಲ್ಲದ ಕಡೆ ಬೆಳೆದು ದುರ್ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ನನ್ನ ಅತ್ತಿಗೆಗೆ ಅದನ್ನು ಮಾಡುವ ಬಗೆಯನ್ನು ಕಲಿಸಿಕೊಟ್ಟು ಹೋದರು. ನಾಲ್ಕೈದು ದಿನಗಳಲ್ಲಿ ಕೋಣೆಯ ಗಾಳಿಯೇ ಬೇರೆಯಾಯಿತು, ಎರಡನೆಯ ವಾರದ ಹೊತ್ತಿಗೆ ಮೊಮ್ಮಗಳು ಮಂಚದ ತುದಿಯಲ್ಲಿ ಕುಳಿತು ಹೋಂವರ್ಕ್ ಬರೆಯುತ್ತಿದ್ದಳು. ಕ್ಯಾನ್ಸರ್ ಒಂದು ಕೂದಲೆಳೆಯಷ್ಟೂ ಹಿಂದೆ ಸರಿದಿರಲಿಲ್ಲ.

ಈ ಬಗೆಯ ಆರೈಕೆಯ ಹಿಂದಿನ ವಿಚಾರವನ್ನು ನಾನು ಓದಿಕೊಂಡದ್ದು ದೊಡ್ಡಮ್ಮ ಹೋದ ಮೇಲೆ. ಹಾಸ್ಪಿಸ್ ಎಂಬುದು ಮೊದಲಿಗೆ ಯುರೋಪಿನಲ್ಲಿ ಯಾತ್ರಿಕರು ತಂಗುವ ಮನೆಗಳ ಹೆಸರು, ನಮ್ಮ ಹೆದ್ದಾರಿಗಳಲ್ಲಿ ಹಿಂದೆ ಇದ್ದ ಛತ್ರಗಳ ಹಾಗೆ. ದಣಿದು ಬಂದವನಿಗೆ ನೀರು, ಅನ್ನ, ಮಲಗಲು ಜಾಗ ಕೊಡುವುದಷ್ಟೇ ಅಲ್ಲಿಯ ಕೆಲಸವಾಗಿತ್ತು. ಆ ಹೆಸರಿಗೆ ಇಂದಿನ ಅರ್ಥ ಕೊಟ್ಟವರು ಲಂಡನ್ನಿನ ಸಿಸಿಲಿ ಸಾಂಡರ್ಸ್. 1918ರಲ್ಲಿ ಹುಟ್ಟಿದ ಅವರು ಯುದ್ಧದ ಕಾಲದಲ್ಲಿ ನರ್ಸ್ ತರಬೇತಿ ಪಡೆದು, ಬೆನ್ನಿನ ತೊಂದರೆಯಿಂದ ಆ ಕೆಲಸ ಬಿಟ್ಟು, ಆಸ್ಪತ್ರೆಯಲ್ಲಿ ರೋಗಿಗಳ ಮನೆ, ಹಣಕಾಸು, ಕಷ್ಟಸುಖ ವಿಚಾರಿಸುವ ಸಮಾಜ ಕಾರ್ಯಕರ್ತೆಯಾದರು. ಅಲ್ಲಿ ಅವರಿಗೆ ಡೇವಿಡ್ ತಾಸ್ಮಾ ಎಂಬ ರೋಗಿಯ ಪರಿಚಯವಾಯಿತು. ಪೋಲೆಂಡಿನಿಂದ ಬಂದಿದ್ದ ಯಹೂದಿ ನಿರಾಶ್ರಿತ, ಬಂಧುಗಳೆಂದು ಹತ್ತಿರ ಯಾರೂ ಇಲ್ಲ, ವಾಸಿಯಾಗದ ಕ್ಯಾನ್ಸರ್. ತನ್ನಂಥವರು ಗದ್ದಲದ ವಾರ್ಡಿನಲ್ಲಿ ಸಾಯದೆ ಬೇರೆ ಹೇಗೆ ಕೊನೆಯ ದಿನಗಳನ್ನು ಕಳೆಯಬಹುದಿತ್ತು ಎಂಬುದನ್ನು ಅವರಿಬ್ಬರೂ ಮಾತಾಡಿಕೊಂಡರು. 1948ರಲ್ಲಿ ತೀರಿಕೊಂಡಾಗ ಆತ ಅವರ ಹೆಸರಿಗೆ 500 ಪೌಂಡ್ ಬಿಟ್ಟುಹೋದ, ನಿಮ್ಮ ಮನೆಗೆ ನಾನೊಂದು ಕಿಟಕಿಯಾಗಿರುತ್ತೇನೆ ಎಂದು ಹೇಳಿ. ಆ ಮನೆ, ಎಂದರೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಆಗ್ನೇಯ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ ಬಾಗಿಲು ತೆರೆದದ್ದು 1967ರಲ್ಲಿ. ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ ಸಾಂಡರ್ಸ್ ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಲು ಸೇರಿ ವೈದ್ಯೆಯಾದರು. ಸಾಯುವವರನ್ನು ಕೈಬಿಡುವವರು ವೈದ್ಯರೇ, ಆದ್ದರಿಂದ ನೀವು ವೈದ್ಯೆಯಾಗಿಯೇ ಈ ಕೆಲಸಕ್ಕೆ ಬನ್ನಿ ಎಂದು ಸರ್ಜನ್ ಒಬ್ಬರು ಅವರಿಗೆ ಹೇಳಿದ್ದರಂತೆ. 2005ರಲ್ಲಿ ಅವರೂ ತಾವು ಕಟ್ಟಿದ ಆ ಮನೆಯಲ್ಲಿಯೇ ಕೊನೆಯುಸಿರೆಳೆದರು.

1958ರಿಂದ, ಲಂಡನ್ನಿನಲ್ಲಿ ಮೊದಲೇ ಇದ್ದ ಸೇಂಟ್ ಜೋಸೆಫ್ಸ್ ಹಾಸ್ಪಿಸ್‌ನಲ್ಲಿ ರೋಗಿಗಳ ಪಕ್ಕ ಕುಳಿತು ಅವರ ಮಾತುಗಳನ್ನು ಬರೆದುಕೊಳ್ಳುತ್ತ ಸಾಂಡರ್ಸ್ ಎರಡು ಸಂಗತಿಗಳನ್ನು ಖಚಿತಪಡಿಸಿಕೊಂಡರು, ಹಾಸ್ಪಿಸ್‌ನ ತತ್ತ್ವವೆಲ್ಲ ಇವೆರಡರ ಮೇಲೆ ನಿಂತಿದೆ. ನೋವು ಬಂದು ರೋಗಿ ಕೂಗಿಕೊಂಡ ಮೇಲೆ ಔಷಧಿ ಕೊಟ್ಟರೆ ಆತ ಎರಡು ನೋವುಗಳ ನಡುವಿನ ಹೊತ್ತನ್ನೂ ನೋವಿನ ಭಯದಲ್ಲಿಯೇ ಕಳೆಯುತ್ತಾನೆ, ಆದ್ದರಿಂದ ನೋವು ಮರಳುವ ಮೊದಲೇ, ಗಡಿಯಾರ ನೋಡಿ, ತಪ್ಪದೆ ಔಷಧಿ ಕೊಡಬೇಕು ಎಂಬುದು ಒಂದು. ಸಾಯುವ ಮನುಷ್ಯನ ನೋವು ದೇಹದ ನೋವೊಂದೇ ಆಗಿರುವುದಿಲ್ಲ, ಮನಸ್ಸಿನದು, ಸಂಬಂಧಗಳದು, ದೇವರ ಮುಂದೆ ಇಡುವ ಪ್ರಶ್ನೆಗಳದು ಎಲ್ಲವೂ ಹೆಣೆದುಕೊಂಡು ಒಂದೇ ನೋವಾಗಿರುತ್ತದೆ ಎಂಬುದು ಇನ್ನೊಂದು. ಇದನ್ನೇ ಅವರು ಸಮಗ್ರ ನೋವು ಎಂದು ಕರೆದರು. ಪುಸ್ತಕದಲ್ಲಿ ಓದಿದರೆ ಇದು ತಾತ್ತ್ವಿಕವಾಗಿ ಕೇಳಿಸಬಹುದು. ಮದುವೆಯಾಗದೆ ಉಳಿದ ಕಿರಿಯ ಮಗಳು, ಒಂಬತ್ತು ವರ್ಷದಿಂದ ಮಾತು ಬಿಟ್ಟ ತಮ್ಮ, ಮೊಮ್ಮಗಳು ಮೂಗು ಮುಚ್ಚಿಕೊಂಡು ಓಡಿಹೋದ ಒಂದು ಸಂಜೆ, "ನಾನು ಯಾರಿಗೇನು ಮಾಡಿದ್ದೆ" ಎಂದು ರಾತ್ರಿ ಛಾವಣಿ ನೋಡುತ್ತ ಕೇಳಿಕೊಳ್ಳುತ್ತಿದ್ದ ಮಾತು, ಇವೆಲ್ಲ ಬೆನ್ನುಮೂಳೆಯ ನೋವಿನೊಳಗೇ ಸೇರಿಕೊಂಡಿದ್ದ ಒಬ್ಬ ಹೆಂಗಸನ್ನು ನೋಡಿಕೊಂಡವರಿಗೆ ಅದು ಕಣ್ಣೆದುರಿನ ಸಂಗತಿ.

ಬೆನ್ನುನೋವಿಗೆ ಹಾಸ್ಪಿಸ್‌ನ ವೈದ್ಯರು ಮಾರ್ಫಿನ್ ಬರೆದರು. 10 ಮಿಲಿಗ್ರಾಂ ಮಾತ್ರೆಯಲ್ಲಿ ಅರ್ಧ, ಬೆಳಿಗ್ಗೆ 6ಕ್ಕೆ, 10ಕ್ಕೆ, ಮಧ್ಯಾಹ್ನ 2ಕ್ಕೆ, ಸಂಜೆ 6ಕ್ಕೆ, ರಾತ್ರಿ 10ಕ್ಕೆ ಮಾತ್ರ ಇಡೀ ಮಾತ್ರೆ. ಹಾಗೆ ಕೊಟ್ಟರೆ ಅಪರಾತ್ರಿ ಎಬ್ಬಿಸಬೇಕಾಗಿಲ್ಲ. ಜೊತೆಗೆ ಮಲಬದ್ಧತೆಗೆ ಒಂದು ಮಾತ್ರೆ ಕಡ್ಡಾಯ. ಮಾರ್ಫಿನ್ ಶುರು ಮಾಡಿ ಹೊಟ್ಟೆ ಹೋಗಲು ಔಷಧಿ ಕೊಡದಿದ್ದರೆ ಒಂದು ಸಂಕಟ ಕಳೆದು ಇನ್ನೊಂದನ್ನು ತಂದಂತೆ ಎಂದು ಅವರು ಎರಡೆರಡು ಸಲ ಹೇಳಿದರು. ದೊಡ್ಡಪ್ಪ ತಮ್ಮ ಅಡಕತ್ತರಿಯಲ್ಲಿ ಮಾತ್ರೆಯನ್ನು ಸರಿಯಾಗಿ ಎರಡು ಹೋಳು ಮಾಡಿ, ಕೊಟ್ಟ ಹೊತ್ತನ್ನು ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದರು. ಮೂರನೆಯ ದಿನ ದೊಡ್ಡಮ್ಮ ಗೋಡೆಗೆ ಒರಗಿ ಕುಳಿತು ಕಾಫಿ ಕೇಳಿದರು.

ಆದರೆ ಅದಕ್ಕೂ ಮೊದಲು ದೊಡ್ಡಪ್ಪ ಮಾತ್ರೆಯನ್ನು ಒಂದಿಡೀ ದಿನ ಬೀಗ ಹಾಕಿ ಇಟ್ಟಿದ್ದರು. ಅದು ಅಫೀಮಿನಿಂದ ಮಾಡಿದ್ದು, ಚಟ ಹತ್ತುತ್ತದೆ, ಇದನ್ನು ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಎಂದು ನೆಂಟರೊಬ್ಬರು ಹೇಳಿದ್ದರು. ಈ ಭಯ ನಮ್ಮ ಮನೆಯದು ಮಾತ್ರ ಆಗಿರಲಿಲ್ಲ. 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆ ಮಾರ್ಫಿನ್ ಇಟ್ಟುಕೊಳ್ಳುವುದಕ್ಕೆ ಎಷ್ಟು ಪರವಾನಗಿಗಳನ್ನು, ಎಷ್ಟು ಕಠಿಣ ಶಿಕ್ಷೆಯ ಬೆದರಿಕೆಯನ್ನು ಹೊರಿಸಿತೆಂದರೆ, ಆಸ್ಪತ್ರೆಗಳು ಅದರ ಗೋಜೇ ಬೇಡವೆಂದು ಬಿಟ್ಟುಬಿಟ್ಟವು, ಅದನ್ನು ಎಂದೂ ಬರೆಯದೆಯೇ ವೃತ್ತಿ ಮುಗಿಸುವ ವೈದ್ಯರು ತಯಾರಾದರು. ಔಷಧಿಗಾಗಿ ಕಾನೂನುಬದ್ಧವಾಗಿ ಗಸಗಸೆ ಗಿಡ ಬೆಳೆದು ಅಫೀಮು ತೆಗೆಯುವ, ಅದನ್ನು ಹೊರದೇಶಗಳಿಗೆ ಕಳಿಸುವ ದೇಶ ನಮ್ಮದು. ಮಧ್ಯಪ್ರದೇಶದ ಮಂದಸೌರ್, ನೀಮಚ್ ಕಡೆಯ ಹೊಲಗಳಲ್ಲಿ ಬೆಳೆದ ಅಫೀಮಿನಿಂದ ಬೇರೆ ದೇಶದ ರೋಗಿಗಳ ನೋವು ತಣಿಯುತ್ತಿದ್ದಾಗ ನಮ್ಮ ಹಳ್ಳಿಗಳಲ್ಲಿ ಜನ ಹಲ್ಲು ಕಚ್ಚಿಕೊಂಡು ಸತ್ತರು ಎಂಬುದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಪರವಾನಗಿಯ ದಾರಿ ಸರಳವಾಯಿತು, ಅದರ ಹಿಂದೆ ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರ ಹಲವು ವರ್ಷಗಳ ದುಡಿಮೆ ಇತ್ತು. ಕಾನೂನು ಬದಲಾದಷ್ಟು ಬೇಗ ಭಯ ಹೋಗುವುದಿಲ್ಲ. ನೋವಿಗೆ ತಕ್ಕಷ್ಟು, ಕ್ರಮವಾಗಿ ಏರಿಸುತ್ತ ಕೊಡುವ ಮಾರ್ಫಿನ್ ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ ಎಂದು ವೈದ್ಯರು ದೊಡ್ಡಪ್ಪನ ಎದುರು ಕುಳಿತು ಅರ್ಧ ಗಂಟೆ ಹೇಳಿದ ಮೇಲೆ ಬೀಗ ತೆರೆಯಿತು.

ಹಾಸ್ಪಿಸ್ ಆರೈಕೆಗೆ ಒಪ್ಪುವುದೆಂದರೆ ಸಾವನ್ನು ಬೇಗ ಕರೆದಂತೆ ಎಂಬ ಅನುಮಾನಕ್ಕೂ ಇಲ್ಲಿಯೇ ಒಂದು ಮಾತು ಹೇಳಬೇಕು. ದಯಾಮರಣ ಬೇರೆ, ಇದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಉಪಶಮನ ಆರೈಕೆಯನ್ನು, ಎಂದರೆ ಹಾಸ್ಪಿಸ್‌ನವರು ಮಾಡುವಂಥ, ನೋವು ಸಂಕಟಗಳನ್ನು ತಗ್ಗಿಸುವ ಆರೈಕೆಯನ್ನು, ವಿವರಿಸುವಾಗ ಅದು ಸಾವನ್ನು ಬೇಗ ತರುವುದೂ ಇಲ್ಲ, ಮುಂದೂಡುವುದೂ ಇಲ್ಲ ಎಂದು ಸ್ಪಷ್ಟವಾಗಿಯೇ ಹೇಳಿತು. ಅಮೆರಿಕದ ಬಾಸ್ಟನ್‌ನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ದೇಹದಲ್ಲಿ ಹರಡಿದ್ದ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಂದಿನ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಉಪಶಮನ ಆರೈಕೆ ಪಡೆದವರ ಬದುಕಿನ ಗುಣಮಟ್ಟ ಉತ್ತಮವಾಗಿತ್ತು, ಅವರಲ್ಲಿ ಕೊನೆಗಾಲದ ಕಠಿಣ ಚಿಕಿತ್ಸೆಗೆ ಒಳಗಾದವರು ಕಡಿಮೆಯಿದ್ದರೂ ಅವರು ಬದುಕಿದ ಅವಧಿಯ ಮಧ್ಯಾಂಕ 11.6 ತಿಂಗಳು, ಉಳಿದವರದು 8.9 ತಿಂಗಳು. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, ವಾಸಿಯಾಗುವ ಭರವಸೆಯೇ ಇಲ್ಲದಾಗ ಜೀವರಕ್ಷಕ ಯಂತ್ರಗಳು ಬೇಡವೆಂದು ಮೊದಲೇ ಬರೆದಿಡುವುದಕ್ಕೆ ಅವಕಾಶ ಕೊಟ್ಟಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು, ಅದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು. ಯಂತ್ರ ಬೇಡ ಎಂದು ಬರೆದಿಡುವ ಹಕ್ಕು ಬಂದದ್ದು ಒಳ್ಳೆಯದು. ಯಂತ್ರ ಬೇಡವೆಂದವರಿಗೆ ಬದಲಿಗೆ ಏನು ಸಿಗಬೇಕು ಎಂಬುದಕ್ಕೆ ಹಾಸ್ಪಿಸ್ ಇಲ್ಲದ ಊರಿನಲ್ಲಿ ಉತ್ತರವಿಲ್ಲ, ಅಲ್ಲಿ ಆ ಹಕ್ಕು ಮತ್ತೆ ಮನೆಗೆ ಕರೆದುಕೊಂಡು ಹೋಗಿ ಎಂಬ ಮಾತಿಗೇ ಬಂದು ನಿಲ್ಲುತ್ತದೆ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಹುಣ್ಣೂ ಅಲ್ಲ, ಮಾತ್ರೆಯೂ ಅಲ್ಲ, ಸತ್ಯ. ದೊಡ್ಡಮ್ಮನಿಗೆ ಏನೂ ಹೇಳಬಾರದೆಂದು ಮಕ್ಕಳು ತೀರ್ಮಾನಿಸಿದ್ದರು, ಬೆನ್ನಿನದು ವಾಯು ಎಂದೂ ಹುಣ್ಣು ನಿಧಾನವಾಗಿ ಮಾಯುತ್ತದೆ ಎಂದೂ ಹೇಳುತ್ತಿದ್ದರು. ಕೌನ್ಸೆಲರ್ ಅವರನ್ನು ದೂರಲಿಲ್ಲ, ಎದುರು ವಾದಿಸಲೂ ಇಲ್ಲ. ದೊಡ್ಡಮ್ಮನ ಜೊತೆ ಒಬ್ಬರೇ ಕುಳಿತು, ನಿಮ್ಮ ಕಾಯಿಲೆಯ ಬಗ್ಗೆ ನಿಮಗೇನು ಅನ್ನಿಸುತ್ತದೆ, ಎಷ್ಟು ತಿಳಿದುಕೊಳ್ಳಬೇಕೆಂದಿದೆ ಎಂದಷ್ಟೇ ಕೇಳಿದರು. ದೊಡ್ಡಮ್ಮ, "ನಂಗೆಲ್ಲ ಗೊತ್ತು ಕಣವ್ವ. ಹುಡುಗ್ರಿಗೆ ಹೇಳ್ಬೇಡ, ತಡ್ಕೊಳಲ್ಲ ಅವ್ರು" ಎಂದರಂತೆ. ದೊಡ್ಡಮ್ಮನ ಒಪ್ಪಿಗೆ ಪಡೆದೇ ಅವರು ನಮಗೆ ಇದನ್ನು ಹೇಳಿದ್ದು. ಆ ಸಂಜೆ ಮನೆಯಲ್ಲಿ ಅಳು ಮುಗಿದ ಮೇಲೆ, ಮೊದಲ ಬಾರಿಗೆ ದೊಡ್ಡಮ್ಮ ತಮ್ಮ ಕೆಲಸಗಳನ್ನು ಬಾಯಿಬಿಟ್ಟು ಹೇಳತೊಡಗಿದರು. ಎರಡೆಳೆ ಸರ ಕಿರಿಯ ಮಗಳಿಗೆ. ಊರ ಮನೆಯ ಬೀರುವಿನಲ್ಲಿ ಸೀರೆಗಳ ಕೆಳಗೆ ಯಾರದೋ ಚೀಟಿ ದುಡ್ಡು ಇದೆ, ವಾಪಸು ಕೊಡಬೇಕು. ತೆಂಗಿನ ತೋಟದ ಬದುವಿನ ಜಗಳದಲ್ಲಿ ದೂರವಾದ ತಮ್ಮನನ್ನು ಕರೆಸಬೇಕು. ತಮ್ಮ ಬಂದರು, ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗಿದ್ದರು. ಅವರಿಬ್ಬರ ನಡುವೆ ಏನು ಮಾತಾಯಿತೋ ನಮಗೆ ಯಾರಿಗೂ ಗೊತ್ತಿಲ್ಲ. ಹೊರಗೆ ಬಂದವರು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು, ಊಟ ಮಾಡಿಕೊಂಡೇ ಹೋದರು.

ಭಾರತದಲ್ಲಿ ಮೊದಲ ಹಾಸ್ಪಿಸ್, ಮುಂಬೈನ ಶಾಂತಿ ಅವೇದನಾ, ಶುರುವಾದದ್ದು 1986ರಲ್ಲಿ. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಟ್ರಸ್ಟ್ ಒಂದು ಮಾರತ್ತಹಳ್ಳಿಯ ಬಳಿ ಕರುಣಾಶ್ರಯವನ್ನು ಕಟ್ಟಿತು, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಇಂದಿಗೂ ಒಂದು ರೂಪಾಯಿಯನ್ನೂ ಕೇಳದೆ ನೋಡಿಕೊಳ್ಳುತ್ತಾರೆ. ಕೇರಳದವರು ಬೇರೆ ದಾರಿ ಹಿಡಿದರು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭವಾದ ಪುಟ್ಟ ಸಂಘವೊಂದು, ಊರಿನ ಸಾಮಾನ್ಯ ಜನರೇ ಸ್ವಯಂಸೇವಕರಾಗಿ ತರಬೇತಿ ಪಡೆದು ನೆರೆಹೊರೆಯ ರೋಗಿಗಳನ್ನು ನೋಡಿಕೊಳ್ಳುವ ಜಾಲವಾಗಿ ಬೆಳೆಯಿತು, 2008ರಲ್ಲಿ ಆ ರಾಜ್ಯ ಉಪಶಮನ ಆರೈಕೆಯ ನೀತಿಯನ್ನೇ ತಂದು ಅದನ್ನು ಪಂಚಾಯಿತಿಗಳ ಕೆಲಸವನ್ನಾಗಿ ಮಾಡಿತು. ನಮ್ಮಲ್ಲಿ ಆಗಬೇಕಾದದ್ದು ಇದೇ ಎಂದು ನನಗನ್ನಿಸುತ್ತದೆ. ದೊಡ್ಡಮ್ಮನ ಮಗ ಬೆಂಗಳೂರಿನಲ್ಲಿ ಇಲ್ಲದೇ ಹೋಗಿದ್ದರೆ, ಅವರು ತಮ್ಮ ಊರಿನಲ್ಲೇ ಉಳಿದಿದ್ದರೆ, ಆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬಂದು ಕೂರುವವರು ಯಾರಿದ್ದರು?

ಕೊನೆಯ ವಾರ ದೊಡ್ಡಮ್ಮ ಊಟ ಬಿಟ್ಟರು. ಗಂಜಿಯೂ ಇಳಿಯದಾದಾಗ ದೊಡ್ಡಪ್ಪ, "ಹಸ್ಕೊಂಡು ಸಾಯ್ತಿದಾಳೆ, ಒಂದು ಡ್ರಿಪ್ಪಾದ್ರೂ ಹಾಕ್ಸಿ" ಎಂದು ಹಟ ಹಿಡಿದರು. ನರ್ಸ್ ಬಂದು, ದೇಹ ಮುಗಿಯುತ್ತಿರುವುದರಿಂದ ಊಟ ಸೇರುತ್ತಿಲ್ಲ, ಊಟ ಬಿಟ್ಟದ್ದರಿಂದ ದೇಹ ಮುಗಿಯುತ್ತಿಲ್ಲ, ಈಗ ನೀರು ಏರಿಸಿದರೆ ಅದನ್ನು ತಾಳಿಕೊಳ್ಳಲಾರದೆ ಕಾಲು ಊದಿ, ಎದೆಯಲ್ಲಿ ನೀರು ಸೇರಿ ಉಸಿರಾಟಕ್ಕೆ ತೊಂದರೆಯಾಗಬಹುದು ಎಂದು ವಿವರಿಸಿದರು. ಬಾಯಿ ಒಣಗುವುದೇ ಈಗಿನ ಸಂಕಟ, ಅದಕ್ಕೆ ಹತ್ತಿಯಲ್ಲಿ ತುಟಿ ಒದ್ದೆ ಮಾಡಿ, ಆಗಾಗ ಅರ್ಧ ಚಮಚ ನೀರು ಹನಿಸಿ ಎಂದರು. ಉಸಿರಿನಲ್ಲಿ ಗೊರಗೊರ ಶಬ್ದ ಬರಬಹುದು, ಕೇಳುವ ನಿಮಗೆ ಭಯವಾಗುತ್ತದೆ, ಅವರಿಗೆ ಅದರಿಂದ ಹಿಂಸೆಯಾಗುತ್ತಿರುವುದಿಲ್ಲ, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ ಎಂದೂ ಮೊದಲೇ ಹೇಳಿಟ್ಟರು. ದೊಡ್ಡಪ್ಪ ತುಳಸಿ ಹಾಕಿದ ನೀರಿನ ಪುಟ್ಟ ತಂಬಿಗೆಯನ್ನು ತಂದು ಮಂಚದ ಪಕ್ಕ ಇಟ್ಟುಕೊಂಡು, ಎರಡು ರಾತ್ರಿ ಒಬ್ಬರೇ ಆ ಕೆಲಸ ಮಾಡಿದರು. ಐಸಿಯುವಿನಲ್ಲಿ ಸತ್ತ ನಮ್ಮ ಎಷ್ಟೋ ನೆಂಟರಿಗೆ, ಗಾಜಿನ ಬಾಗಿಲಿನ ಹೊರಗೆ ತಂಬಿಗೆ ಹಿಡಿದುಕೊಂಡು ನಿಂತ ಅವರ ಮನೆಯವರಿಗೆ, ಇದು ಸಿಕ್ಕಿರಲಿಲ್ಲ.

ದೊಡ್ಡಮ್ಮ ಹೋಗಿ ಹದಿನೈದು ದಿನಗಳ ಮೇಲೆ, ಯಾರೂ ಕರೆಯದಿದ್ದರೂ, ಆ ನರ್ಸ್ ಮತ್ತೆ ಮನೆಗೆ ಬಂದರು. ಸಾವಿನ ನಂತರ ಉಳಿದವರನ್ನು ವಿಚಾರಿಸಿಕೊಳ್ಳುವುದೂ ಹಾಸ್ಪಿಸ್‌ನ ಕೆಲಸದಲ್ಲಿ ಸೇರಿದೆಯೆಂದು ನಮಗೆ ಗೊತ್ತಾದದ್ದು ಆಗ. ಅದೇ ಸ್ಟೂಲನ್ನು ಎಳೆದುಕೊಂಡು ದೊಡ್ಡಪ್ಪನ ಎದುರು ಕುಳಿತು, ಊಟ ಮಾಡುತ್ತಿದ್ದೀರಾ, ರಾತ್ರಿ ನಿದ್ದೆ ಬರುತ್ತಿದೆಯಾ ಎಂದು ಕೇಳಿದರು. ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದು, "ಅವತ್ತು ಡ್ರಿಪ್ ಹಾಕ್ಸಿದ್ರೆ ಇನ್ನೊಂದೆರಡು ದಿನ ಇರ್ತಿದ್ಲಾ ಸಿಸ್ಟರ್?" ಎಂದರು. ನರ್ಸ್ ಅಂದು ಹೇಳಿದ್ದನ್ನೆಲ್ಲ ಮೊದಲಿನಿಂದ, ಅದೇ ತಾಳ್ಮೆಯಲ್ಲಿ ಮತ್ತೊಮ್ಮೆ ಹೇಳಿದರು. ದೊಡ್ಡಪ್ಪ ತಲೆಯಾಡಿಸುತ್ತ ಕೇಳಿಸಿಕೊಂಡು, ಒಳಗೆ ಹೋಗಿ, ಉಳಿದಿದ್ದ ಮಾರ್ಫಿನ್ ಮಾತ್ರೆಗಳ ಕವರನ್ನೂ ಹೊತ್ತು ಗುರುತು ಹಾಕಿದ್ದ ನೋಟ್‌ಬುಕ್ಕನ್ನೂ ತಂದರು. ಮಾತ್ರೆಗಳನ್ನು ಇಬ್ಬರೂ ಎಣಿಸಿದರು. ಒಂದು ಅರ್ಧ ಹೋಳೂ ಇತ್ತು, ಅದನ್ನೂ ಸೇರಿಸಿ ನರ್ಸ್ ತಮ್ಮ ರಿಜಿಸ್ಟರಿನಲ್ಲಿ ಬರೆದುಕೊಂಡರು. ನೋಟ್‌ಬುಕ್ಕನ್ನು ಅವರಿಗೇ ವಾಪಸು ಕೊಟ್ಟರು.